ಎರಡನೆಯ ಸಲ ಕೇಳದ ಊರು

ನಾನು ಹಾಲೆಂಡ್ ದೇಶ ನೋಡಿದ್ದು ಬೇಡ ಎಂದದ್ದರಿಂದ.

ಇದನ್ನು ಘಟ್ಟದ ಮೇಲಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಾದರೂ ಚಾ ಬೇಕಾ ಎಂದು ಕೇಳಿದರೆ ಮೊದಲು ಬೇಡ ಎನ್ನಬೇಕು. ಅದು ಉತ್ತರ ಅಲ್ಲ, ಮರ್ಯಾದೆ. ಕೇಳಿದವರು ಇನ್ನೊಮ್ಮೆ ಕೇಳಬೇಕು, ಅದು ಅವರ ಮರ್ಯಾದೆ. ಆಗಲೂ ಬೇಡ ಎಂದು, ಮೂರನೆಯ ಸಲ "ಹಾಗಾದ್ರೆ ಸ್ವಲ್ಪ" ಎಂದು ಒಪ್ಪಿಕೊಂಡರೆ ಎರಡೂ ಕಡೆಯವರ ಮಾನ ಉಳಿಯಿತು. ಮೊದಲ ಸಲಕ್ಕೇ ಹೂಂ ಎಂದವನು ಮನೆಯಲ್ಲಿ ಹೊಟ್ಟೆಗಿಲ್ಲದವನು. ಬೇಡ ಎಂದ ಕೂಡಲೇ ಪಾತ್ರೆ ಒಳಗೆ ಕೊಂಡುಹೋದ ಮನೆಗೆ ಹೆಣ್ಣು ಕೊಡುವ ಮೊದಲು ಜನ ಯೋಚಿಸುತ್ತಾರೆ.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಗಂಡನಿಗೆ ಹಾಲೆಂಡಿನ ಒಂದು ಸಾಫ್ಟ್‌ವೇರ್ ಕಾನ್ಫರೆನ್ಸಿಗೆ ಕರೆ ಬಂತು. ಆಗ ಬಹರೈನಿನಿಂದ ರಜೆಯಲ್ಲಿ ಬಂದಿದ್ದ ನನ್ನ ಅಣ್ಣ, ನಿನ್ನ ಟಿಕೆಟ್ ನಾನು ಮಾಡಿಸುತ್ತೇನೆ, ನೀನೂ ಹೋಗಿ ಬಾ ಎಂದ. ಬೇಡ ಎಂದೆ. ಮತ್ತೆ ಕೇಳಿದ. ನನಗೆ ಅಲ್ಲಿ ಏನು ಕೆಲಸ ಎಂದೆ. ಮತ್ತೂ ಕೇಳಿದ. ಹಾಗೆ ಬೆಳ್ತಂಗಡಿಯ ಹತ್ತಿರ ಹುಟ್ಟಿ, ಹತ್ತನೆಯ ತರಗತಿ ಪಾಸು ಮಾಡಿ, ಬಂಟ್ವಾಳಕ್ಕೆ ಮದುವೆಯಾಗಿ ಬಂದ ನಾನು ವಿಮಾನ ಹತ್ತಿದೆ.

ನನ್ನ ಗಂಡ ತೀರಿಹೋಗಿ ಈಗ ವರ್ಷವಾಗುತ್ತ ಬಂತು. ಮನೆಗೆ ಬಂದವರೆಲ್ಲ ಅವರ ಒಳ್ಳೆಯ ಗುಣಗಳನ್ನು ಹೇಳಿ, ಕಣ್ಣೊರಸಿಕೊಂಡು, ಕೊನೆಯ ಬಸ್ಸು ತಪ್ಪದ ಹಾಗೆ ಹೊರಟುಹೋಗಿದ್ದಾರೆ. ಅವರು ಅಷ್ಟೊಂದು ಒಳ್ಳೆಯವರೆಂದು ಒಟ್ಟಿಗೆ ಬಾಳಿದ ನನಗೇ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ಹಾಲೆಂಡಿನ ಕಥೆ. ಅದನ್ನೇ ಬರೆಯುತ್ತೇನೆ. ನಮ್ಮ ಮನೆಮಾತು ತುಳು. ನಾವು ಆಡಿದ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ನನ್ನ ಗಂಡ ಮೂಡುಬಿದಿರೆಯಲ್ಲಿ ಓದಿ, ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿ ಸೇರಿದವರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಕೆಲಸಗಾರರಿಗೆ ಫ್ಯಾನ್ ಇಲ್ಲದ ಕಾಲದಲ್ಲಿ ಅದಕ್ಕೊಂದು ತಂಪು ಕೋಣೆ ಕಟ್ಟಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ತೆಂಗಿನಕಾಯಿ ಒಡೆದು, ಕುಂಕುಮ ಇಟ್ಟು, ಪ್ರಸಾದವನ್ನೂ ಹಂಚಿದರಂತೆ. ವರ ಕೊಡುವುದರಲ್ಲಿ ಮಾತ್ರ ಆ ದೇವರು ನಮ್ಮ ಊರಿನ ದೇವರುಗಳಿಗಿಂತ ನಿಧಾನ. ಇವರ ಪ್ರೋಗ್ರಾಂ ಓಡಿಸುವ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. ಆ ಹೊತ್ತಿಗೆ ಕರೆಂಟು ಹೋದರೆ, ಅಥವಾ ಬರೆದದ್ದರಲ್ಲಿ ಒಂದು ತಪ್ಪಿದ್ದರೆ, ಮುಂದಿನ ವಾರ.

ಹಾಗಾಗಿ ತಪ್ಪನ್ನು ಮನೆಯಲ್ಲೇ ಹಿಡಿಯುವ ಉಪಾಯ ಮಾಡಿದರು. ನಮ್ಮ ಮನೆಯ ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸಿದರು. ಚೆನ್ನೆಮಣೆ ಎಂದರೆ ಎರಡು ಸಾಲು ಗುಳಿಗಳಿರುವ ಮರದ ಮಣೆ. ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಕಾಯಿಗಳನ್ನು ಹಂಚುತ್ತ ಹೋಗುವ ಆಟ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಾತ್ರ ಆಡುವಂಥದ್ದು. ಇವರು ಜಗಲಿಯಲ್ಲಿ ಕೂತು ತಮ್ಮ ಪ್ರೋಗ್ರಾಮನ್ನು ಒಂದೊಂದೇ ಸಾಲು ಓದುತ್ತಿದ್ದರು. ಮೂರನೆಯ ಗುಳಿಯಿಂದ ಎರಡು ತೆಗೆ, ಐದನೆಯದಕ್ಕೆ ಹಾಕು, ಐದರಲ್ಲಿ ಹತ್ತಕ್ಕಿಂತ ಹೆಚ್ಚಾಯಿತಾ ನೋಡು, ಆಗಿದ್ದರೆ ಮೇಲಿನ ಸಾಲಿಗೆ ಹೋಗು. ನಾನು ಎದುರು ಕೂತು ಹೇಳಿದ್ದಷ್ಟನ್ನೇ ಮಾಡಬೇಕು, ತಲೆ ಓಡಿಸಬಾರದು. "ನೀನೀಗ ಕಂಪ್ಯೂಟರ್ ಮಾರಾಯ್ತಿ, ಯೋಚನೆ ಮಾಡುವ ಹಾಗಿಲ್ಲ" ಎನ್ನುತ್ತಿದ್ದರು. ಸೊಸೆಯಾಗಿ ಅಭ್ಯಾಸವಿದ್ದದ್ದರಿಂದ ನನಗೆ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಅತ್ತೆಗೆ. ಸುಗ್ಗಿಯಲ್ಲಿ ಗಂಡ ಹೆಂಡತಿ ಜಗಲಿಯಲ್ಲಿ ಚೆನ್ನೆ ಆಡುತ್ತ ಕೂರುವುದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಇದು ಆಟವಲ್ಲ, ಕಾರ್ಖಾನೆಯ ಸಂಬಳದ ಲೆಕ್ಕ ಎಂದು ಮಗ ಹೇಳಿದಾಗ, ಹಾಗಾದರೆ ಕಾರ್ಖಾನೆ ಮುಳುಗಿತು ಎಂದರು.

ಈ ಚೆನ್ನೆ ವಿದ್ಯೆಯನ್ನು ಇವರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಯಂತ್ರವಿಲ್ಲದೆ ಪ್ರೋಗ್ರಾಂ ಪರೀಕ್ಷಿಸುವ ಕ್ರಮ ಎಂದು ಅದರ ಸಾರಾಂಶ. ಹಾಲೆಂಡಿನವರು ಒಪ್ಪಿ, ಬಂದು ಇಪ್ಪತ್ತು ನಿಮಿಷ ಮಾತಾಡಿ ಎಂದು ಕರೆದರು. ಆ ಇಪ್ಪತ್ತು ನಿಮಿಷಕ್ಕಾಗಿ ಇವರು ತಿಂಗಳುಗಟ್ಟಲೆ ಬಚ್ಚಲಲ್ಲಿ, ಫರಂಗಿಪೇಟೆ ದಾಟುವ ಬಸ್ಸಿನಲ್ಲಿ, ಬಾಯಿಯೊಳಗೇ ಇಂಗ್ಲಿಷು ಗುನುಗುತ್ತಿದ್ದರು. ಅಲ್ಲಿಯವರೆಗೆ ಇವರ ಮಾತು ಕೇಳಲು ಯಾರೂ ಇವರನ್ನು ಕರೆದಿರಲಿಲ್ಲ. ಕಾರ್ಖಾನೆಯಲ್ಲಿ ಮೇಲಿನವರು ಮಾತಾಡುತ್ತಿದ್ದರು, ಮನೆಯಲ್ಲಿ ಅತ್ತೆ.

ಹಾಲೆಂಡಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಚೀಲ ಬಿಚ್ಚಿಸಿದ. ಬೈರಾಸಿನಲ್ಲಿ, ಅಂದರೆ ಮೈ ಒರಸುವ ಬಟ್ಟೆಯಲ್ಲಿ, ಸುತ್ತಿದ ಚೆನ್ನೆಮಣೆಯನ್ನು ಎತ್ತಿ, ಇದೇನು ಎಂದು ಕೇಳಿದ. ಏನಿಲ್ಲ ಎಂದರು ಇವರು, ಅಭ್ಯಾಸಬಲದಿಂದ. ಅವನು ಮತ್ತೆ ಕೇಳಿದ. ಏನಿಲ್ಲ, ಒಂದು ಮರದ ತುಂಡು ಎಂದರು. ಅವನು ಮೂರನೆಯ ಸಲ ಸ್ವರ ಏರಿಸಿ ಕೇಳಿದಾಗ ಇವರ ಮುಖ ಅರಳಿತು. ಗುಳಿ, ಕಾಯಿ, ಸಾಲು, ತಪ್ಪು ಹಿಡಿಯುವ ಬಗೆ, ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ನಮ್ಮ ಹಿಂದೆ ಸಾಲು ಬೆಳೆಯಿತು. ಆ ದೇಶದಲ್ಲಿ ಯಾರೂ ಹೇಳಿಕೊಡದೆ ಮೂರು ಸಲ ಕೇಳಿದವನು ಅವನೊಬ್ಬನೇ, ಅದೂ ನಮ್ಮನ್ನು ಕಳ್ಳರೆಂದು ತಿಳಿದು.

ಬಡ ದೇಶಗಳಿಂದ ಬಂದವರನ್ನು ಹೋಟೆಲಿನ ಬದಲು ಮನೆಗಳಲ್ಲಿ ಇಳಿಸಿದ್ದರು. ನಮಗೆ ಸಿಕ್ಕಿದ್ದು ಒಬ್ಬ ವಿಧವೆ ಟೀಚರಮ್ಮನ ಮನೆ. ಕೆಲಸದಿಂದ ನಿವೃತ್ತರಾದವರು, ಉದ್ದ ಕಾಲು, ಗಟ್ಟಿ ಸ್ವರ. ಕಾಫಿ ಕೊಟ್ಟರು. ಬಿಸ್ಕೆಟಿನ ಡಬ್ಬಿ ಮುಂದೆ ಹಿಡಿದರು. ತಲೆಗೊಂದು ಬಿಸ್ಕೆಟ್ ತೆಗೆದುಕೊಂಡ ಮೇಲೆ ಡಬ್ಬಿಗೆ ಮುಚ್ಚಳ ಹಾಕಿ ಕಪಾಟಿನೊಳಗೆ ಇಟ್ಟರು. ಆಮೇಲೆ, ದೂರದಿಂದ ಬಂದಿದ್ದೀರಿ, ಊಟ ಮಾಡುತ್ತೀರಾ ಎಂದು ಕೇಳಿದರು. ಇಬ್ಬರೂ ಒಂದೇ ಸ್ವರದಲ್ಲಿ ಬೇಡ ಬೇಡ ಎಂದೆವು. ಸರಿ ಎಂದು ನಮ್ಮ ಕೋಣೆ ತೋರಿಸಿ, ದೀಪದ ಸ್ವಿಚ್ಚು ಎಲ್ಲಿದೆ ಎಂದು ಹೇಳಿ ಹೋದರು. ನಾವು ಮಂಚದ ಮೇಲೆ ಕೂತು ಕಾದೆವು. ಕೆಳಗೆ ಪಾತ್ರೆಗಳ ಸದ್ದಾಯಿತು, ಆಮೇಲೆ ಪಾತ್ರೆ ತೊಳೆಯುವ ಸದ್ದಾಯಿತು. ಅತ್ತೆ ಕಟ್ಟಿಕೊಟ್ಟ ಚಕ್ಕುಲಿಯನ್ನು, ಕಡಿಯುವ ಸದ್ದು ಕೇಳಿಸಬಾರದೆಂದು, ಬಾಯಲ್ಲಿ ನೆನೆಸಿ ತಿಂದೆವು. ದಿನಾ ಸಂಜೆ ಇದೇ ನಡೆಯಿತು. ಆ ಟೀಚರಮ್ಮ, ಭಾರತೀಯರು ಊಟವನ್ನೇ ಮಾಡುವುದಿಲ್ಲ ಎಂದು ನೆರೆಯವರಿಗೆ ಹೇಳಿದ್ದರಂತೆ.

ಆ ದೇಶ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ಒಡ್ಡು ಕಟ್ಟಿ ನೀರನ್ನು ಹೊರಗಿಟ್ಟಿದ್ದಾರೆ ಎಂದು ಎಲ್ಲರೂ ನಮಗೆ ಹೆಮ್ಮೆಯಿಂದ ಹೇಳಿದರು. ನಮ್ಮ ಬಂಟ್ವಾಳ ಪೇಟೆಗೆ ನೆರೆ ಬರುವಾಗ ನೇತ್ರಾವತಿ ಯಾರಲ್ಲಿಯೂ ಕೇಳದೆ ಅಂಗಡಿಯೊಳಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂರುತ್ತಾಳೆ. ಅಲ್ಲಿ ಸಮುದ್ರವನ್ನೂ ಒಂದೇ ಸಲ ಬೇಡ ಎಂದು ಹೇಳಿ ನಿಲ್ಲಿಸಿದ್ದರು.

ಕಾನ್ಫರೆನ್ಸಿಗೆ ಬಂದವರ ಹೆಂಡತಿಯರಿಗೆ ಬೇರೆ ಕಾರ್ಯಕ್ರಮ ಇತ್ತು. ಒಂದು ದಿನ ಗಾಳಿಯಂತ್ರ ತೋರಿಸಿದರು. ಗಾಳಿ ಇರಲಿಲ್ಲ, ನಿಂತದ್ದನ್ನೇ ನೋಡಿದೆವು. ಮರುದಿನ ಬೆಣ್ಣೆ, ಚೀಸಿನ ಸಂತೆಗೆ ಬರುತ್ತೀರಾ ಎಂದು ಕೇಳಿದರು. ನನಗೆ ಹೋಗಬೇಕೆಂದು ಬಹಳ ಆಸೆ ಇತ್ತು, ಆದ್ದರಿಂದ ಬೇಡ ಎಂದೆ. ಬಸ್ಸು ಹೊರಟೇ ಹೋಯಿತು. ಬೇರೆ ಗತಿ ಇಲ್ಲದೆ ಸಭೆಯ ಹಿಂದಿನ ಸಾಲಿನಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿ ಕೂತೆ.

ಅಲ್ಲಿ ಕೇಳಿದ್ದರಲ್ಲಿ ನನಗೆ ತಿಳಿದದ್ದಿಷ್ಟು. ಲೋಕದಲ್ಲಿ ಸಾಫ್ಟ್‌ವೇರಿಗೆ ದೊಡ್ಡ ಸಂಕಟ ಬಂದಿದೆ. ಪ್ರೋಗ್ರಾಮುಗಳು ಹೇಳಿದ ದಿನಕ್ಕೆ ಮುಗಿಯುವುದಿಲ್ಲ, ಮುಗಿದರೆ ಸರಿ ಇರುವುದಿಲ್ಲ. ಇದನ್ನು ನಾನು ನಮ್ಮ ಜಗಲಿಯಲ್ಲೇ ಕೇಳಿದ್ದೆ. ಅದನ್ನು ಹೇಳಲು ಇಷ್ಟು ದೇಶಗಳ ಗಂಡಸರು ಟೈ ಕಟ್ಟಿಕೊಂಡು ಬರಬೇಕಾಗಿತ್ತೆಂದು ಗೊತ್ತಿರಲಿಲ್ಲ. ಒಬ್ಬರು ಪರದೆಯ ಮೇಲೆ ಚೌಕಗಳನ್ನು ತೋರಿಸಿ ಅವುಗಳ ನಡುವೆ ಬಾಣ ಎಳೆದರು. ಇನ್ನೊಬ್ಬರು ಎದ್ದು, ಅದು ಚೌಕ ಅಲ್ಲ, ವೃತ್ತ ಆಗಬೇಕು ಎಂದರು. ಚೌಕದವರೂ ವೃತ್ತದವರೂ ಊಟದ ತನಕ ಜಗಳವಾಡಿ, ಊಟದಲ್ಲಿ ಒಂದೇ ಮೇಜಿನಲ್ಲಿ ಕೂತರು. ನಮ್ಮ ಕಡೆಯ ಜಾಗದ ತಕರಾರಿನವರಿಗೆ ಅಷ್ಟು ಸೌಜನ್ಯ ಇಲ್ಲ. ಆದರೆ ನಮ್ಮಲ್ಲಿ ಜಗಳದ ಕೆಳಗೆ ಜಾಗ ಎಂಬುದೊಂದಾದರೂ ಇರುತ್ತದೆ.

ಇವರ ಸರದಿ ಆ ಮಧ್ಯಾಹ್ನದ ಕೊನೆಯದು. ಇವರಿಗಿಂತ ಮೊದಲು ಮಾತಾಡಿದ ಒಬ್ಬ ಪ್ರೊಫೆಸರರು ಸಮಯವನ್ನು ಉಳಿಸುವುದು ಹೇಗೆ ಎಂಬ ವಿಷಯ ಎತ್ತಿಕೊಂಡು ಇವರ ಸಮಯವನ್ನೆಲ್ಲ ತೆಗೆದುಕೊಂಡರು. ಸಭೆಯ ಅಧ್ಯಕ್ಷರು ಎತ್ತರದ, ಗಡ್ಡದ ಮನುಷ್ಯ, ಒಳ್ಳೆಯವರೇ. ಬೈರಾಸಿನ ಕಟ್ಟು ಹಿಡಿದು ವೇದಿಕೆಯ ಪಕ್ಕ ನಿಂತಿದ್ದ ಇವರ ಹತ್ತಿರ ಬಗ್ಗಿ, ಬಹಳ ತಡವಾಯಿತು, ಕಾಫಿ ತಣಿಯುತ್ತಿದೆ, ಆದರೂ ನೀವು ಮಾತಾಡಲು ಬಯಸುತ್ತೀರಾ ಎಂದು ಕೇಳಿದರು.

ಇವರು ನಕ್ಕರು. ಇಲ್ಲ ಇಲ್ಲ, ಪರವಾಗಿಲ್ಲ ಎಂದರು.

ಅಧ್ಯಕ್ಷರು ಇವರ ಕೈ ಕುಲುಕಿದರು. ಈ ಭಾರತೀಯ ಮಿತ್ರರು ದೊಡ್ಡ ಮನಸ್ಸಿನಿಂದ ತಮ್ಮ ಭಾಷಣ ಬಿಟ್ಟುಕೊಟ್ಟಿದ್ದಾರೆ ಎಂದು ಸಭೆಗೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆಯಿಂದ ಯಾವ ಭಾಷಣಕ್ಕೂ ಅಷ್ಟು ಜೋರಾದ ಚಪ್ಪಾಳೆ ಬಿದ್ದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಜನ ಕಾಫಿಗೆ ಎದ್ದರು. ಇವರು ಮಾತ್ರ ಅದೇ ನಗು ಇಟ್ಟುಕೊಂಡು ಅಲ್ಲೇ ನಿಂತಿದ್ದರು. ಯಾವುದಕ್ಕೆ ಕಾಯುತ್ತಿದ್ದಾರೆಂದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹತ್ತಿರ ಹೋದೆ.

"ಇನ್ನೊಂದು ಸಲ ಕೇಳ್ತಾರೆ ಅಂತ ನಿಂತದ್ದು" ಎಂದರು.

"ಇಲ್ಲಿ ಕೇಳುವ ಕ್ರಮ ಇಲ್ಲ. ದಿನಾ ಚಕ್ಕುಲಿ ತಿಂದು ಮಲಗುವುದಲ್ವಾ ನಾವು?"

"ಅದು ಊಟ ಮಾರಾಯ್ತಿ. ಇದಕ್ಕೆ ಅವರೇ ಕರೆಸಿದ್ದಲ್ವಾ? ಊರಿಂದ ಕರೆಸಿ ಒಂದೇ ಸಲ ಕೇಳುವುದಾ?"

ನಾನು ಹೋಗಿ ಕಾಫಿ ತಂದುಕೊಟ್ಟೆ. ಅದು ತಣಿದಿರಲಿಲ್ಲ, ಚೆನ್ನಾಗಿ ಬಿಸಿ ಇತ್ತು. ಇವರು ಕುಡಿಯಲಿಲ್ಲ.

ಮನೆಗೆ ಬಂದ ಮೇಲೆ ಇವರು ಮೇಲೆ ಹೋಗಿ ಮಲಗಿದರು. ನಾನು ಅಡುಗೆಮನೆಗೆ ಹೋಗಿ, ನನ್ನ ಹತ್ತನೆಯ ತರಗತಿಯ ಇಂಗ್ಲಿಷನ್ನು ಒಟ್ಟುಮಾಡಿ, ಟೀಚರಮ್ಮನಿಗೆ ಸಭೆಯಲ್ಲಿ ಆದದ್ದನ್ನು ಹೇಳಿ, ನಮ್ಮ ಊರಿನ ಕ್ರಮವನ್ನು ವಿವರಿಸಿದೆ. ನಾವು ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದು ಅರ್ಥ. ಅವರು ಆಲೂಗಡ್ಡೆ ಸುಲಿಯುತ್ತಿದ್ದ ಚಾಕುವನ್ನು ಕೆಳಗಿಟ್ಟು, ಹಾಗಾದರೆ ಇಷ್ಟು ದಿನ ನೀವು ಹಸಿದುಕೊಂಡೇ ಇದ್ದದ್ದಾ ಎಂದು ಕೇಳಿದರು. ನಾನು ಇಲ್ಲ ಇಲ್ಲ ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಮತ್ತೆ ಅದೇ ಪ್ರಶ್ನೆ ಕೇಳಿದರು. ಟೀಚರಮ್ಮ ಅಲ್ಲವಾ, ಬೇಗ ಕಲಿತರು. ಮೂರನೆಯ ಸಲಕ್ಕೆ ಹೌದು ಎಂದೆ. ಆ ಸಂಜೆ ನಮ್ಮನ್ನು ಮೇಜಿನ ಎದುರು ಕೂರಿಸಿ, ಪಾಠ ಒಪ್ಪಿಸುವವರ ಹಾಗೆ ಬೆರಳು ಮಡಿಸುತ್ತ ಮೂರು ಮೂರು ಸಲ ಕೇಳಿ ಆಲೂಗಡ್ಡೆ ಬಡಿಸಿದರು. ಅದರಲ್ಲಿ ಉಪ್ಪಿರಲಿಲ್ಲ, ಖಾರ ಇರಲಿಲ್ಲ. ಕೇಳಿದ್ದಕ್ಕಾಗಿ ತಿಂದೆವು. ಮರುದಿನ ಬೆಳಿಗ್ಗೆ ಅವರು ಅಧ್ಯಕ್ಷರಿಗೆ ಫೋನು ಮಾಡುವುದು ಕೇಳಿಸಿತು. ಅವರ ಭಾಷೆಯಲ್ಲಿ ಅಧ್ಯಕ್ಷರ ಹೆಸರೊಂದು ಬಿಟ್ಟು ನನಗೇನೂ ತಿಳಿಯಲಿಲ್ಲ, ಆದರೆ ಹೋಂವರ್ಕ್ ಮಾಡದ ಹುಡುಗನಿಗೆ ಬೈಯುವ ಸ್ವರ ಯಾವ ದೇಶದಲ್ಲಾದರೂ ಒಂದೇ.

ಅದು ಕೊನೆಯ ದಿನ. ಮುಕ್ತಾಯದ ಭಾಷಣ ಮುಗಿದು ಜನ ಕೋಟು ಹಾಕಿಕೊಳ್ಳುತ್ತಿದ್ದರು. ಅಧ್ಯಕ್ಷರು ವೇದಿಕೆಯ ಮೇಲಿನಿಂದಲೇ ಇವರತ್ತ ತಿರುಗಿ, ನೀವು ಈಗ ಮಾತಾಡುತ್ತೀರಾ ಎಂದು ಕೇಳಿದರು. ನನ್ನ ಗಂಡ, ಅಷ್ಟೆಲ್ಲ ಆದ ಮೇಲೂ, ಎದ್ದು ನಿಂತು, ಇಲ್ಲ ಇಲ್ಲ, ನಿಮಗೆಲ್ಲ ತಡವಾಗುತ್ತದೆ ಎಂದರು. ನಾನು ಹಣೆಗೆ ಕೈ ಇಟ್ಟುಕೊಂಡೆ. ಅಧ್ಯಕ್ಷರು ಗಡ್ಡ ನೀವಿಕೊಂಡು, ಕಲಿಸಿಕೊಟ್ಟದ್ದನ್ನು ನೆನಪಿಸಿಕೊಳ್ಳುವವರ ಹಾಗೆ, ಮತ್ತೊಮ್ಮೆ ಕೇಳಿದರು. ಇವರು, ಪರವಾಗಿಲ್ಲ, ಮುಂದೆ ಎಂದಾದರೂ ಆಯಿತು ಎಂದರು. ಕೋಟು ಹಾಕುತ್ತಿದ್ದವರು ನಿಂತು ನೋಡತೊಡಗಿದರು. ಮೂರನೆಯ ಸಲ ಕೇಳಿದರು.

ಹಾಗಾದರೆ ಸ್ವಲ್ಪ, ಎಂದು ಇವರು ಇಂಗ್ಲಿಷಿನಲ್ಲಿ ಹೇಳಿ ವೇದಿಕೆ ಹತ್ತಿದರು.

ಇಪ್ಪತ್ತು ನಿಮಿಷ ಸಿಗಲಿಲ್ಲ, ಅದರರ್ಧ ಸಿಕ್ಕಿತು. ಅರ್ಧ ಜನ ಹೋಗಿದ್ದರು, ಉಳಿದವರಲ್ಲಿ ಅರ್ಧ ಮಂದಿ ಕೋಟಿನಲ್ಲಿ ನಿಂತಿದ್ದರು. ಬಚ್ಚಲಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಬಿಟ್ಟು ಇವರು ನನ್ನನ್ನು ಕರೆದರು. ಮೇಜಿನ ಮೇಲೆ ಚೆನ್ನೆಮಣೆ ಇಟ್ಟು, ಇದು ನಮ್ಮ ಯಂತ್ರ ಎಂದರು, ನನ್ನನ್ನು ತೋರಿಸಿ, ಇದನ್ನು ನಡೆಸುವವರು ಇವರು ಎಂದರು. ಬೇಕೆಂದೇ ಒಂದು ತಪ್ಪು ಸೇರಿಸಿದ್ದ ಸಂಬಳದ ಲೆಕ್ಕವನ್ನು ಸಾಲು ಸಾಲಾಗಿ ಓದಿದರು. ನಾನು ಯೋಚನೆ ಮಾಡದೆ ಕಾಯಿಗಳನ್ನು ಹಾಕುತ್ತ ಹೋದೆ. ಕೊನೆಗೆ ಕೆಲಸಕ್ಕೇ ಬಾರದವನ ಗುಳಿ ತುಂಬಿತು, ಕೆಲಸ ಮಾಡಿದವನ ಗುಳಿ ಖಾಲಿ ಉಳಿಯಿತು. ಕೋಟು ಹಾಕಿದವರು ಹತ್ತಿರ ಬಂದು ಬಗ್ಗಿ ನೋಡಿದರು. ಒಬ್ಬರು, ಪ್ರೋಗ್ರಾಂ ಬಹಳ ದೊಡ್ಡದಾಗಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ನೆರೆಮನೆಯವರನ್ನು ಕರೆಯುತ್ತೇವೆ ಎಂದರು ಇವರು. ಎಲ್ಲರೂ ನಕ್ಕರು. ಇವರು ತಮಾಷೆಗೆ ಹೇಳಿದ್ದಲ್ಲ. ನೆರೆಮನೆಯ ಅಕ್ಕ ಅವರ ಮನೆಯ ಚೆನ್ನೆಮಣೆ ಹಿಡಿದು ಎಷ್ಟೋ ಸಲ ನಮ್ಮ ಜಗಲಿಗೆ ಬಂದದ್ದುಂಟು.

ಕಾನ್ಫರೆನ್ಸಿನ ಭಾಷಣಗಳ ಪುಸ್ತಕ ಆಮೇಲೆ ಅಂಚೆಯಲ್ಲಿ ಬಂತು. ಚೌಕ, ವೃತ್ತ ಎಲ್ಲ ಅದರಲ್ಲಿದ್ದವು. ಇವರ ಭಾಷಣ ಇರಲಿಲ್ಲ. ತಾವಾಗಿಯೇ ಹಿಂತೆಗೆದುಕೊಂಡರು ಎಂದು ಒಂದು ಸಾಲು ಇತ್ತು. ಇವರು ಅದನ್ನು ಓದಿ, "ಹೌದಲ್ವಾ, ಬೇಡ ಅಂತ ಹೇಳಿದ್ದು ನಾನೇ" ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟರು.

ಊರಿನಲ್ಲಿ ಮಾತ್ರ ಹಾಲೆಂಡಿನ ಕಥೆಗೆ ಒಳ್ಳೆಯ ಬೇಡಿಕೆ ಇತ್ತು. ಪೇಟೆಯಲ್ಲಿ ನಾವು ದಿನಸಿ ತರುವ ಅಂಗಡಿಯ ಬ್ಯಾರಿ ಸಾಹೇಬರು ಬಿಸ್ಕೆಟ್ ಡಬ್ಬಿಯ ಸಂಗತಿಯನ್ನು ಇವರ ಬಾಯಲ್ಲಿ ಎರಡು ಸಲ ಹೇಳಿಸಿ ಕೇಳಿದರು. "ಒಂದು ಕೊಟ್ಟು ಮುಚ್ಚಳ ಹಾಕಿದ್ದಾ? ನೊಣಕ್ಕೆ ಹೆದರಿ ಇರಬಹುದು ಮಾರಾಯ್ರೇ" ಎಂದು ಆ ದೇಶದ ಮಾನ ಉಳಿಸಲು ನೋಡಿದರು.

ಇವರು ಮನೆಯಲ್ಲಿ ಒಂದು ಕಾನೂನು ತಂದರು. ಇನ್ನು ಮುಂದೆ ಹಾಲೆಂಡ್ ಪದ್ಧತಿ, ಒಂದೇ ಸಲ ಕೇಳುವುದು, ಬೇಕಾದರೆ ಬೇಕು, ಬೇಡವಾದರೆ ಬೇಡ, ಎಷ್ಟು ಸಮಯ ಉಳಿಯುತ್ತದೆ ನೋಡು ಎಂದರು. ಮಾರನೆಯ ದಿನ ಮಧ್ಯಾಹ್ನ ಬಂಗುಡೆ ಸಾರು ಮಾಡಿದ್ದೆ. ಎರಡನೆಯ ಮೀನು ಬೇಕಾ ಎಂದೆ. ಬೇಡ ಎಂದರು. ಪಾತ್ರೆಯನ್ನು ಒಳಗೆ ಕೊಂಡುಹೋದೆ. ಬಟ್ಟಲಿನ ಮುಂದೆ ಅವರು ಕೈ ಒಣಗುವವರೆಗೆ ಕೂತಿದ್ದು, ಕೊನೆಗೆ, "ಏ ಇವಳೇ, ಆ ಪದ್ಧತಿ ನಾಳೆಯಿಂದ ಮಾಡುವ" ಎಂದರು. ನಾಳೆ ಬರಲೇ ಇಲ್ಲ. ಮೀನು ಬಂತು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಕಾಯಿಲೆ ಬಂದಾಗ ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ದಿನಾ ಬೆಳಿಗ್ಗೆ ಬಂದು ನೋವುಂಟಾ ಎಂದು ಕೇಳುತ್ತಿದ್ದರು. ಏನಿಲ್ಲ ಡಾಕ್ಟ್ರೇ ಎಂದು ಇವರು ನಗುತ್ತಿದ್ದರು. ಡಾಕ್ಟರು ಒಳ್ಳೆಯವರು. ಹೇಳಿದ್ದನ್ನು ನಂಬಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು, ಅವರಿಗೂ ಎಷ್ಟು ಮಂಚಗಳು. ನನಗೆ ಆ ನಗು ಎಲ್ಲಿಯದೆಂದು ನೆನಪಾದದ್ದು ಒಂದು ಬೆಳಿಗ್ಗೆ. ಬೈರಾಸಿನ ಕಟ್ಟು ಹಿಡಿದು ವೇದಿಕೆಯ ಪಕ್ಕ ನಿಂತಾಗಿನದು. ನಾನು ಡಾಕ್ಟರ ಹಿಂದೆ ಓಡಿದೆ.

"ಡಾಕ್ಟ್ರೇ, ಇವರಲ್ಲಿ ಇನ್ನೊಂದು ಸಲ ಕೇಳಬೇಕು. ನಮ್ಮವರು ಒಂದು ಸಲಕ್ಕೆ ಹೇಳುವವರಲ್ಲ."

ಅವರು ಘಟ್ಟದ ಮೇಲಿನವರು, ಹುಡುಗು ಪ್ರಾಯ. ಆದರೂ ಹಿಂದೆ ಬಂದು, ಮಂಚದ ಬದಿಯಲ್ಲಿ ಕೂತು ಕೇಳಿದರು. ಏನಿಲ್ಲ ಎಂದರು ಇವರು. ಡಾಕ್ಟರು ನನ್ನ ಮುಖ ನೋಡಿ, ಮತ್ತೆ ಕೇಳಿದರು. ಇವರೂ ನನ್ನ ಮುಖ ನೋಡಿದರು. ಸಿಕ್ಕಿಬಿದ್ದೆ ಎಂಬಂತೆ ಸ್ವಲ್ಪ ನಕ್ಕರು.

"ಸ್ವಲ್ಪ ಉಂಟು" ಎಂದರು.

ಅಂದಿನಿಂದ ನೋವಿಗೆ ಮದ್ದು ಕೊಟ್ಟರು. ಕಾಯಿಲೆಗೆ ಕೊಡುವ ಕಾಲ ದಾಟಿತ್ತು. ಕಾಯಿಲೆ ನಮ್ಮ ನೇತ್ರಾವತಿಯ ಹಾಗೆ, ಯಾರಲ್ಲಿಯೂ ಕೇಳದೆ ಒಳಗೆ ಬಂದು ಕೂತಾಗಿತ್ತು. ಮೊದಲೇ ಕೇಳಿದ್ದರೆ ಬದುಕುತ್ತಿದ್ದರಾ ಎಂದು ನಾನು ಡಾಕ್ಟರಲ್ಲಿ ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಅದನ್ನು ಮಾತ್ರ ನಾನು ಎರಡನೆಯ ಸಲ ಕೇಳಲಿಲ್ಲ. ಕೊನೆಯ ದಿನಗಳಲ್ಲಿ ಗಂಜಿ ಬೇಡ ಎನ್ನುತ್ತಿದ್ದರು. ಮೂರನೆಯ ಸಲಕ್ಕೆ ಎರಡು ಚಮಚ ಕುಡಿಯುತ್ತಿದ್ದರು. ಆಮೇಲೆ ಮೂರನೆಯ ಸಲಕ್ಕೂ ಬೇಡ ಎಂದರು. ಆಗ ಅದು ನಿಜವಾಗಿಯೂ ಬೇಡ ಎಂದು ತಿಳಿದುಕೊಂಡೆ.

ಮೊನ್ನೆ ಆಟಿ ತಿಂಗಳು ಬಂತು. ನಮ್ಮಲ್ಲಿ ಆಟಿಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಎಳೆದುಕೊಂಡು ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅತ್ತೆಗೆ ಈಗ ಬಗ್ಗಲಿಕ್ಕೆ ಆಗುವುದಿಲ್ಲ, ಆದರೂ ತಾವೇ ಬಡಿಸಿದರು. ಕೋಳಿ ಸಾರು, ರೊಟ್ಟಿ, ಎರಡು ಬಂಗುಡೆ. "ಬಾ ಮಗ, ಉಣ್ಣು" ಎಂದು ಕರೆದು ಹೊರಗೆ ಬಂದು ಬಾಗಿಲು ಎಳೆದರು. ಮಳೆ ಜಗಲಿಯ ತನಕ ಹೊಡೆಯುತ್ತಿತ್ತು.

"ಅತ್ತೆ, ಒಂದೇ ಸಲ ಕರೆದ್ರಿ" ಎಂದೆ.

ಸತ್ತವರಿಗೆ ಒಂದು ಸಲ ಸಾಕು, ಅವರು ಬೇಡ ಎನ್ನುವುದಿಲ್ಲ ಎಂದರು ಅತ್ತೆ. ಇವರು ಎನ್ನುತ್ತಾರೆ ಎಂದೆ. ಅತ್ತೆ ನನ್ನನ್ನು ನೋಡಿದರು. ಮಗನ ಹಾಲೆಂಡಿನ ಕಥೆ ಅವರೂ ಎಷ್ಟು ಸಲ ಕೇಳಿದವರು. ಬಾಗಿಲು ಅರ್ಧ ತೆರೆದು ಮತ್ತೆ ಕರೆದು, ತೆರೆದದ್ದನ್ನು ಹಾಗೆಯೇ ಹಿಡಿದುಕೊಂಡು ನನಗೆ ದಾರಿ ಬಿಟ್ಟರು.

ಅವರ ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಬಾಗಿಲಲ್ಲಿ ನಿಂತು, ಅಡುಗೆಮನೆಯಿಂದ ಕರೆಯುತ್ತಿದ್ದ ಹಾಗೆಯೇ ಕರೆದೆ.

"ಹೋಯ್, ಕೇಳ್ತದಾ? ಸ್ವಲ್ಪ ಆದ್ರೂ."